ಹೊಟ್ಟೆಗೆ ಹಾಕಿಕೊಂಡದ್ದು

ಹನ್ನೊಂದು ದಿನ.
ಕಮೋತೆ ಏನೂ ತಿಂದಿಲ್ಲ, ಏನೂ ಹೊರಗೆ ಹಾಕಿಲ್ಲ.
ಕಮೋತೆ ಅಂದರೆ ಈ ಊರ ಮಾತಿನಲ್ಲಿ ಗೆಣಸು.
ತಂದ ದಿನ ಹಾಗೇ ಇತ್ತು, ಅಂಗೈಯಗಲ, ಮಣ್ಣು ಮೆತ್ತಿಕೊಂಡು.
ಈಗ ಸೂಪಿನ ತಟ್ಟೆಯಷ್ಟು ಆಮೆ,
ಕಣ್ಣಿನ ಹಿಂದೆ ಎರಡು ಕೆಂಪು ಗೀರು,
ನನ್ನ ಕ್ಷೌರದಂಗಡಿಯ ಕನ್ನಡಿಯ ಕೆಳಗೆ
ಹದಿನಾರು ವರ್ಷದ ಬಾಡಿಗೆಯಿಲ್ಲದ ವಾಸ.

ವಾಲ್ಪರೈಸೊದಲ್ಲಿ ಜುಲೈ ಎಂದರೆ
ಸಮುದ್ರ ಗುಡ್ಡ ಹತ್ತಿ ಬಂದು ಬಾಗಿಲು ತಟ್ಟುವ ಕಾಲ.
ಬಿರುಗಾಳಿಗೆ ಎರಡು ರಾತ್ರಿ ಕರೆಂಟು ಹೋಯಿತು,
ತೊಟ್ಟಿಯ ಹೀಟರು ಆರಿತು.
ನಾನು ಮೇಣದಬತ್ತಿ ಹಚ್ಚಿ ಒಬ್ಬನ ಗಡ್ಡ ಮುಗಿಸಿದೆ;
ನೀರು ಮುಟ್ಟಿ ನೋಡಬೇಕೆಂದು ಹೊಳೆಯಲೇ ಇಲ್ಲ.

ಮೂರನೆಯ ದಿನ ಒಂದು ಪಕ್ಕಕ್ಕೆ ವಾಲಿ ತೇಲುತ್ತಿತ್ತು,
ಸರಕು ಸರಿಯಾಗಿ ತುಂಬದ ಹಡಗಿನ ಹಾಗೆ.
ಸೀಗಡಿ ಹಿಡಿದೆ. ಬಾಯಿ ಬಿಡಲಿಲ್ಲ.
ಹೆಸರು ಹಿಡಿದು ಕರೆದೆ, ಬೈದೆ, ಕೊನೆಗೆ
ಟವೆಲಿನಲ್ಲಿ ಸುತ್ತಿ, ಟ್ರಾಲಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು
ಡಾಕ್ಟರ್ ಯಾಂಕೊವಿಚ್ ಹತ್ತಿರ ಹೋದೆ.

ಆಕೆ ಹಿಂಗಾಲಿನ ಸಂದಿಗೆ ಬೆರಳಿಟ್ಟು ಒತ್ತಿ
ಯಾರದೋ ಜೇಬು ತಡಕುವವಳಂತೆ ಕಣ್ಣು ಮುಚ್ಚಿದಳು.
"ಚಳಿಗೆ ಇವುಗಳ ಹೊಟ್ಟೆಯ ಒಲೆ ಆರುತ್ತದೆ,
ತಿಂದದ್ದು ತಿಂದ ಹಾಗೇ ಕೂರುತ್ತದೆ.
ಆದರೆ ಇದು ಬರೀ ಚಳಿಯಲ್ಲ. ಏನು ಹಾಕ್ತೀರಿ?"
"ಒಣ ಸೀಗಡಿ," ಅಂದೆ. "ಅಷ್ಟೇ."

ಎಕ್ಸ್-ರೇ ಬೆಳಕಿಗೆ ಹಿಡಿದಳು.
ಚಿಪ್ಪಿನೊಳಗೆ ಏಳು ಬಿಳಿ ಕಲ್ಲು,
ತೊಟ್ಟಿಯ ತಳಕ್ಕೆ ನಾನೇ ಚಂದಕ್ಕೆಂದು ಹಾಸಿದವು.
ಪಕ್ಕದಲ್ಲಿ ದುಂಡಗೆ, ನಾಲ್ಕು ತೂತಿನ ಹಿತ್ತಾಳೆ ಗುಂಡಿ.
"ಸುಣ್ಣದಂಶ ಸಾಲದಿದ್ದರೆ ಕಲ್ಲು ನುಂಗುವುದುಂಟು.
ಗುಂಡಿಯ ಕಥೆ ನೀವೇ ಹೇಳಬೇಕು."

ಆ ಫಿಲ್ಮನ್ನು ತಂದು ಕನ್ನಡಿಗೆ ಅಂಟಿಸಿದೆ.
ಗಿರಾಕಿಗಳು ಸೋಪಿನ ನೊರೆಯ ಮುಖದಲ್ಲಿ ನೋಡಿದರು.
ಆಮೆ ಬಿಡದ ಬಾಯಿ ಅವರು ಬಿಟ್ಟರು.
ಕ್ರೇನ್ ಓಡಿಸುವ ಎದ್ಗಾರ್ದೊ: ಶನಿವಾರಕ್ಕೊಂದು ಹ್ಯಾಮಿನ ಚೂರು.
ಬ್ರೆಡ್ಡಿನಂಗಡಿಯ ಇಸ್ಮೇನಿಯಾ: "ಒಳಗಿನ ಮೆತ್ತಗಿನದು ಮಾತ್ರ, ದೇವರಾಣೆ."
ತಮ್ಮನ ಜೊತೆ ಬಂದಿದ್ದ ಶಾಲೆಯ ಹುಡುಗಿ ಮಾತಾಡದೆ
ಕೋಟಿನ ತೋಳು ಮುಂದೆ ಚಾಚಿದಳು.
ಅಲ್ಲಿ ದಾರವಿತ್ತು, ಗುಂಡಿಯಿರಲಿಲ್ಲ.

ಬೈಯಲಿಲ್ಲ. ಬೈಯಲು ನನಗೇನು ಯೋಗ್ಯತೆ?
ಸಂಜೆ ಕೂದಲು ಗುಡಿಸುವ ಮೊದಲೇ
ಅದನ್ನು ನೆಲಕ್ಕೆ ಬಿಡುವವನು ನಾನು.

ದಿನಕ್ಕೆರಡು ಸಲ ತಲೆ ತೊಳೆಯುವ ಬೇಸಿನ್ನಿನಲ್ಲಿ
ಉಗುರುಬೆಚ್ಚಗಿನ ನೀರು, ಗದ್ದದವರೆಗೆ.
ಡಾಕ್ಟರು ಕೊಟ್ಟ ಔಷಧಿ, ಹನಿ ಲೆಕ್ಕ.
ಮೊದಲು ಬಿಸಿ, ಆಮೇಲೆ ಊಟ, ಅಂದಿದ್ದಳು.
ನಾಲ್ಕನೆಯ ದಿನ ಟಣ್ ಎಂದಿತು. ಒಂದು ಕಲ್ಲು.
ಅಂಗಡಿಯಲ್ಲಿ ಕತ್ತರಿಗಳು ನಿಂತವು,
ಎದ್ಗಾರ್ದೊ ಅರ್ಧ ತಲೆಯಲ್ಲೇ ಎದ್ದು ಬಂದ.
ಆಮೇಲೆ ಒಂದೊಂದಾಗಿ ಉಳಿದವು. ಗುಂಡಿಯೂ.
(ಹುಡುಗಿ ಅದನ್ನೇ ತೊಳೆದು ಹೊಲಿಸಿಕೊಂಡಳು.)

ಕೊನೆಗೆ, ಎಕ್ಸ್-ರೇಗೆ ಕಾಣದಿದ್ದ ಒಂದು ಉಂಡೆ.
ಚಿಮಟದಲ್ಲಿ ಬಿಡಿಸಿದೆ: ಕೂದಲು.
ಕಪ್ಪು, ಬೂದು, ಯಾರೋ ಹಚ್ಚಿದ ಕಿತ್ತಳೆ ಬಣ್ಣ,
ಇಡೀ ಗುಡ್ಡ ಒಂದೇ ಸಿಕ್ಕಿನಲ್ಲಿ.
ಒಂದರ ಗುರುತು ಮಾತ್ರ ಹತ್ತಿತು,
ಗಿಡ್ಡ, ಒರಟು, ತಂಬಾಕಿನ ಹಳದಿ:
ಡೋನ್ ಎಲೆಯುತೇರಿಯೊನ ಮೀಸೆ.
ಏಪ್ರಿಲಿನಲ್ಲಿ ಆಸ್ಪತ್ರೆಗೆ ಹೊರಟವನು
ಅಂಚು ಸರಿಮಾಡಿಸಿಕೊಂಡು, "ದುಡ್ಡು ಬಂದ ಮೇಲೆ," ಅಂದಿದ್ದ.
ಬಾಕಿ ಪುಸ್ತಕದಲ್ಲಿ ಇನ್ನೂ ಅವನ ಹೆಸರಿದೆ.
ಹೊಡೆದುಹಾಕಲು ಪೆನ್ನು ತೆಗೆದು ಎಷ್ಟು ಸಲ ಇಟ್ಟೆನೋ.
ಇದು ಹೊಟ್ಟೆಗೆ ಹಾಕಿಕೊಂಡಿತ್ತು, ನೋಡಿ,
ನನ್ನಿಂದ ಆಗದ್ದು.

ಎಷ್ಟು ಹೊತ್ತು ನಿಂತಿದ್ದೆನೋ,
ಕಮೋತೆ ಕುತ್ತಿಗೆ ಚಾಚಿ ಹೆಬ್ಬೆರಳು ಕಚ್ಚಿತು.
ಹಸಿವು! ರಕ್ತ ಬಂತು, ನಗುವೂ ಬಂತು.
ಬಾಗಿಲಲ್ಲಿ ಇಸ್ಮೇನಿಯಾ, ಕೈಯಲ್ಲಿ ಬಿಸಿ ಬ್ರೆಡ್ಡು.
ಬೇಡ, ಅಂದೆ.
ಸ್ವಲ್ಪ ಯೋಚಿಸಿ ತಾನೇ ತಿಂದಳು.